ವಾಚನ ಕೂಟದ ವರದಿ: ಆಸ್ಪಿರಿನ್ ಗುಳಿಗೆ ಯಾರಿಗೆ?

ಒಂದು ಕಟಿಂಗ್ ಚಹದ ಬೆಲೆಗೆ ಹತ್ತು ಹನ್ನೆರಡು ದಿನಕ್ಕಾಗುವಷ್ಟು ದೊರೆಯುವ ಆಸ್ಪಿರಿನ್ ಗುಳಿಗೆಯ ವಿಚಾರವಾಗಿ ನಮ್ಮ ಸಂಘದ ವಾಚನ ಕೂಟದವರು ನಾಲ್ಕು ಭಾನುವಾರಗಳನ್ನು ವ್ಯಯ ಮಾಡಿದರೆಂದರೆ ಓದುಗರಲ್ಲಿ ಕೆಲವರಿಗೆ ನಗು ಬಂದೀತು. ಅದರಲ್ಲಿಯೂ ಒಂದು ಭಾನುವಾರ ರೈಲ್ವೆಯವರ ಮೆಗಾ ಬ್ಲಾಕಿನ ದೆಸೆಯಿಂದ ಅರ್ಧ ಜನ ತಲುಪುವ ಹೊತ್ತಿಗೆ ಹನ್ನೊಂದು ಗಂಟೆ ಹೊಡೆದಿತ್ತು. ಆದರೂ ಬಂದರು. ಏಕೆ ಬಂದರೆಂಬುದನ್ನು ಈ ಸಲದ ಅಂಕಣದಲ್ಲಿ ನಿವೇದಿಸಬೇಕೆಂದಿದ್ದೇನೆ.

ಕೂಟದಲ್ಲಿರುವವರು ಹನ್ನೆರಡು ಹದಿಮೂರು ಜನ. ವಿಜ್ಞಾನಿ ಎನ್ನಿಸಿಕೊಳ್ಳುವವರು ಒಬ್ಬರೂ ಇಲ್ಲ. ಬ್ಯಾಂಕಿನಿಂದ ನಿವೃತ್ತರಾದ ಉಡುಪಿಯ ಕಡೆಯವರೊಬ್ಬರಿದ್ದಾರೆ, ಲೆಕ್ಕದಲ್ಲಿ ಬಿಗಿ. ಧಾರವಾಡದ ಕಡೆಯ ಮಾಸ್ತರರಿದ್ದಾರೆ, ಮಾತಿನಲ್ಲಿ ಬಿಗಿ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದು ಬಿಡುಗಡೆ ಹೊಂದಿದ ಸಿಸ್ಟರ್ ಒಬ್ಬರು, ನಾಲ್ಕಾರು ಗೃಹಿಣಿಯರು, ಸಂಖ್ಯಾಶಾಸ್ತ್ರ ಓದುತ್ತಿರುವ ಒಬ್ಬ ಹುಡುಗಿ, ಮಿಕ್ಕವರು ಪಿಂಚಣಿದಾರರು. ಹುಡುಗಿ ಪ್ರಬಂಧಗಳನ್ನು ಹುಡುಕಿ ತರುತ್ತಾಳೆ; ಝೆರಾಕ್ಸ್ ಅಂಗಡಿಯವನು ಕೋಷ್ಟಕಗಳನ್ನು ದೊಡ್ಡದು ಮಾಡಿ ಕೊಡುತ್ತಾನೆ; ನಾವು ಮೇಜಿನ ಸುತ್ತ ಕುಳಿತು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಜಗಳವಾಡುತ್ತೇವೆ.

ಹೀಗೆ ಕೂಡಿ ಓದುವುದು ನಾವು ಕಂಡುಹಿಡಿದ ಪದ್ಧತಿಯೇನೂ ಆಗಿರುವುದಿಲ್ಲ. ಲಂಡನ್ನಿನ ಸೇಂಟ್ ಬಾರ್ತೊಲೊಮ್ಯೂ ಆಸ್ಪತ್ರೆಯ ಬಾಗಿಲ ಬಳಿ, ಒಂದು ರೊಟ್ಟಿ ಅಂಗಡಿಯ ಮೇಲಿನ ಕೋಣೆಯಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿಯೇ ವೈದ್ಯ ವಿದ್ಯಾರ್ಥಿಗಳು ಸೇರಿ ವೈದ್ಯಕೀಯ ಪತ್ರಿಕೆಗಳನ್ನು ಓದುತ್ತಿದ್ದರೆಂದು ಜೇಮ್ಸ್ ಪ್ಯಾಜೆಟ್ ಎಂಬ ಹೆಸರಾಂತ ಶಸ್ತ್ರವೈದ್ಯರು ಬರೆದಿಟ್ಟಿದ್ದಾರೆ. ಸಂಜೆಯ ಹೊತ್ತು ಅಲ್ಲಿ ಇಸ್ಪೀಟೂ ನಡೆಯುತ್ತಿತ್ತಂತೆ. ೧೮೭೫ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಆಸ್ಲರ್ ಇಂಥ ಕೂಟವನ್ನು ಕ್ರಮವಾಗಿ ಸ್ಥಾಪಿಸಿದರು. ದುಬಾರಿ ಪತ್ರಿಕೆಗಳನ್ನು ಒಬ್ಬೊಬ್ಬರೇ ತರಿಸಲು ಕೈಗೆಟುಕದು, ಹತ್ತು ಜನ ವಂತಿಗೆ ಹಾಕಿದರೆ ಎಟುಕೀತು ಎಂಬುದು ಮುಖ್ಯ ಕಾರಣ. ನಮ್ಮ ಸಂಘಗಳ ವಾಚನಾಲಯಗಳು ಹುಟ್ಟಿದ್ದೂ ಇದೇ ಕಾರಣಕ್ಕಲ್ಲವೆ?

ಆಸ್ಪಿರಿನ್ ನಮ್ಮ ಮೇಜಿಗೆ ಬಂದದ್ದು ಒಬ್ಬ ರಾಯರಿಂದ. ಹೆಸರು ಬೇಡ, ಕೂಟದಲ್ಲಿ ಮೂರು ಜನ ರಾಯರಿದ್ದಾರೆ, ಯಾರೆಂದು ಗೊತ್ತಾಗದಿರಲಿ. ವಯಸ್ಸು ಎಪ್ಪತ್ತೆರಡು. ಮೂರು ವರ್ಷದ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು. ಅವರಿಗೆ ವಾಟ್ಸಪ್ಪಿನಲ್ಲಿ ಯಾರೋ ಒಂದು ಪತ್ರಿಕೆಯ ತುಣುಕನ್ನು ಕಳುಹಿಸಿದ್ದರು. ತಾರೀಖೂ ಇಲ್ಲ, ಪತ್ರಿಕೆಯ ಹೆಸರೂ ಇಲ್ಲ. ವೃದ್ಧರಿಗೆ ಆಸ್ಪಿರಿನ್ನಿನಿಂದ ಪ್ರಯೋಜನವಿಲ್ಲ, ರಕ್ತಸ್ರಾವದ ಅಪಾಯವೇ ಹೆಚ್ಚು ಎಂದು ದೊಡ್ಡ ಸಂಶೋಧನೆಯೊಂದು ತೋರಿಸಿದೆ ಎಂಬುದು ಅದರ ಒಕ್ಕಣೆ. ರಾಯರು ಅದನ್ನು ನಮಗೆ ಓದಿ ಹೇಳಿ, "ಆದ್ದರಿಂದ ನಾಲ್ಕು ದಿನದಿಂದ ಗುಳಿಗೆ ನಿಲ್ಲಿಸಿದ್ದೇನೆ" ಎಂದು ಸಮಾಧಾನದಿಂದ ಚಹಾ ಹೀರಿದರು.

"ಯಾರನ್ನ ಕೇಳಿ ಬಿಟ್ರಿ, ರಾಯರ?" ಎಂದರು ಮಾಸ್ತರರು.

"ಕೇಳುವುದೇನು ಸ್ವಾಮಿ, ಪೇಪರಿನಲ್ಲೇ ಬಂದಿದೆಯಲ್ಲ!"

"ಮೂಲ ಬಿಟ್ಟು ಗೈಡ್ ಓದಿ ಪರೀಕ್ಷಾಕ್ಕ ಕೂತಂಗಾತು ಇದು."

ಅಷ್ಟರಲ್ಲಿ ಹುಡುಗಿ ಮೂಲವನ್ನು ಫೋನಿನಲ್ಲಿ ತೆರೆದಿದ್ದಳು. ೨೦೧೮ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಒಟ್ಟಿಗೆ ಬಂದ ಮೂರು ಪ್ರಬಂಧಗಳು ಅವು. ಆಸ್ಪ್ರೀ ಎಂಬ ಪ್ರಯೋಗದ ಫಲಿತಾಂಶ. ಸಾರಾಂಶದಲ್ಲಿಯೇ, ವಿಧಾನವನ್ನು ಹೇಳುವ ಮೊದಲ ಸಾಲುಗಳಲ್ಲಿಯೇ ಒಂದು ಮಾತಿತ್ತು: ಪ್ರಯೋಗಕ್ಕೆ ಸೇರಿಸಿಕೊಂಡವರು ಹೃದಯ ಅಥವಾ ರಕ್ತನಾಳದ ಕಾಯಿಲೆ ಇಲ್ಲದಿದ್ದವರು. ಕಾಯಿಲೆ ಇದ್ದವರನ್ನು ಮೊದಲೇ ಹೊರಗಿಟ್ಟಿದ್ದರು. ಎಂದರೆ ನಮ್ಮ ರಾಯರು ಆ ಪ್ರಯೋಗದ ಬಾಗಿಲು ತಟ್ಟಿದ್ದರೆ, "ತಾವು ದಯಮಾಡಿಸಿ" ಎಂದು ವಿನಯವಾಗಿ ಹಿಂದಕ್ಕೆ ಕಳುಹಿಸುತ್ತಿದ್ದರು. ಅವರನ್ನು ಒಳಗೆ ಬಿಟ್ಟುಕೊಳ್ಳದ ಪ್ರಯೋಗದ ತೀರ್ಪನ್ನು ಅವರು ತಮಗೆ ಹಾಕಿಕೊಂಡಿದ್ದರು.

ಸಿಸ್ಟರ್ ಎದ್ದು ನಿಂತರು. "ಚರ್ಚೆ ಎಲ್ಲ ಆಮೇಲೆ ಮಾರಾಯರೆ. ಮೊದಲು ನಿಮ್ಮ ಡಾಕ್ಟರಿಗೆ ಫೋನು ಮಾಡಿ." ರಾಯರು ಹಜಾರಕ್ಕೆ ಹೋಗಿ ಫೋನು ಮಾಡಿದರು. ಒಳಗೆ ಬರುವಾಗ ಮುಖ ಸಣ್ಣಗಾಗಿತ್ತು. ಸಂಜೆಯೊಳಗೆ ಗುಳಿಗೆ ನುಂಗಿ, ಮರುದಿನ ಬಂದು ತೋರಿಸಿಕೊಂಡು ಹೋಗುವಂತೆ ಅಪ್ಪಣೆಯಾಗಿತ್ತು. ಡಾಕ್ಟರು ಫೋನಿನಲ್ಲಿ ಇನ್ನೇನು ಹೇಳಿದರೆಂಬುದನ್ನು ರಾಯರು ನಮಗೆ ತಿಳಿಸಲಿಲ್ಲ, ನಾವೂ ಒತ್ತಾಯಿಸಲಿಲ್ಲ.

ಇಲ್ಲಿಗೆ ಮುಗಿಯಿತೆಂದುಕೊಂಡೆವು. ಆಗ ಇಷ್ಟು ಹೊತ್ತೂ ಮಾತಾಡದಿದ್ದ ಒಬ್ಬ ಅಮ್ಮನವರು ಕೇಳಿದರು: "ಹಾಗಾದರೆ ನಾನು?" ಅವರಿಗೆ ಎಪ್ಪತ್ತನಾಲ್ಕು. ಹೃದಯದ ತೊಂದರೆ ಎಂದೂ ಇಲ್ಲ. ಯಜಮಾನರಿಗೆ ಹೃದಯಾಘಾತವಾದಾಗ ಡಾಕ್ಟರು ಅವರಿಗೆ ಆಸ್ಪಿರಿನ್ ಬರೆದುಕೊಟ್ಟರು. ಒಳ್ಳೆಯದಂತೆ ಎಂದು ಇವರೂ ಅದೇ ಡಬ್ಬಿಯಿಂದ ದಿನಕ್ಕೊಂದು ತೆಗೆದುಕೊಳ್ಳತೊಡಗಿದರು. ಯಜಮಾನರು ತೀರಿಕೊಂಡು ಆರು ವರ್ಷವಾಯಿತು. ಡಬ್ಬಿಯನ್ನು ತುಂಬಿಸುವುದು ನಿಂತಿಲ್ಲ.

ರಾಯರ ಪ್ರಶ್ನೆಗೆ ಒಂದು ಸಾಲು ಸಾಕಾಯಿತು. ಅಮ್ಮನವರ ಪ್ರಶ್ನೆಗೆ ಅಷ್ಟು ಸಾಲದೆಂದು ತೋರಿ, ಈ ಗುಳಿಗೆಯ ವೃತ್ತಾಂತವನ್ನು ಮೊದಲಿನಿಂದ ಓದಿಕೊಂಡು ಬರುವುದೆಂದು ನಿಶ್ಚಯಿಸಿದೆವು.

ಮೊದಲಿಗೆ ಸಿಕ್ಕಿದವರು ಲಾರೆನ್ಸ್ ಕ್ರೇವನ್ ಎಂಬ ವೈದ್ಯರು. ಅಮೆರಿಕದ ಕ್ಯಾಲಿಫೋರ್ನಿಯಾದ ಗ್ಲೆಂಡೇಲ್ ಊರಿನವರು. ಗಂಟಲಿನ ಟಾನ್ಸಿಲ್ ತೆಗೆಸಿಕೊಂಡವರಿಗೆ ನೋವಿಗೆಂದು ಅವರು ಆಸ್ಪಿರಿನ್ ಬೆರೆಸಿದ ಚ್ಯೂಯಿಂಗ್ ಗಮ್ ಕೊಡುತ್ತಿದ್ದರು. ಹೆಚ್ಚು ಜಗಿದವರಿಗೆ ಹೆಚ್ಚು ರಕ್ತ ಸೋರುವುದನ್ನು ಗಮನಿಸಿದರು. ಹೃದಯಾಘಾತವಾಗುವುದು ರಕ್ತ ಹೆಪ್ಪುಗಟ್ಟುವುದರಿಂದ. ಹೆಪ್ಪುಗಟ್ಟದಂತೆ ಮಾಡುವ ಈ ಗುಳಿಗೆ ಅದನ್ನು ತಡೆಯಬಾರದೇಕೆ ಎಂದು ಯೋಚಿಸಿದರು. ಬಹಳ ಜಾಣತನದ ಊಹೆ. ೧೯೫೬ರ ಪ್ರಬಂಧದಲ್ಲಿ, ಸುಮಾರು ೮೦೦೦ ಜನರಿಗೆ ಕೊಟ್ಟಿದ್ದೇನೆ, ತಪ್ಪದೆ ತೆಗೆದುಕೊಂಡವರಲ್ಲಿ ಒಬ್ಬರಿಗೂ ಹಾಗೆ ಆಗಲಿಲ್ಲ ಎಂದು ಬರೆದರು. ಮರುವರ್ಷ, ೧೯೫೭ರಲ್ಲಿ, ಅವರೇ ಹೃದಯಾಘಾತದಿಂದ ತೀರಿಕೊಂಡರು.

ಇದನ್ನು ಓದಿದಾಗ ಕೂಟದಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ನಕ್ಕರು. ಹುಡುಗಿ ಮಾತ್ರ ನಗಲಿಲ್ಲ. ಒಬ್ಬರು ಸತ್ತರೆಂಬುದರಿಂದ ಗುಳಿಗೆ ಕೆಟ್ಟದೆಂದೂ ಆಗದು, ಎಂಟು ಸಾವಿರ ಜನ ಬದುಕಿದರೆಂಬುದರಿಂದ ಒಳ್ಳೆಯದೆಂದೂ ಆಗದು ಎಂದಳು. ಗುಳಿಗೆ ತೆಗೆದುಕೊಳ್ಳದ ಇನ್ನೊಂದು ಎಂಟು ಸಾವಿರ ಜನ ಎಲ್ಲಿ? ಅವರಿಗೆ ಏನಾಯಿತು? ಕ್ರೇವನ್‌ರಲ್ಲಿ ಆ ಎರಡನೆಯ ಸಾಲು ಇರಲಿಲ್ಲ. ತಪ್ಪದೆ ತೆಗೆದುಕೊಂಡವರು ಎಂಬ ಮಾತಿನಲ್ಲಿಯೂ ಒಂದು ಕಿಂಡಿಯಿದೆ: ಯಾರಿಗಾದರೂ ಹೃದಯಾಘಾತವಾದರೆ, ಅವರು ತಪ್ಪಿಸಿದ್ದರು ಎಂದು ಹೇಳಿಬಿಡಬಹುದು. ನಮ್ಮ ಹರಕೆ ಫಲಿಸದಿದ್ದಾಗ ನೇಮದಲ್ಲಿ ಲೋಪ ಹುಡುಕುವಂತೆ.

ಎರಡನೆಯ ಸಾಲನ್ನು ಹೇಗೆ ನಿಲ್ಲಿಸಬೇಕೆಂಬುದನ್ನು ೧೯೮೮ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಪ್ರಬಂಧದಲ್ಲಿ ಕಂಡೆವು. ಐಸಿಸ್-೨ ಎಂದು ಅದರ ಹೆಸರು. ೧೬ ದೇಶಗಳ ೪೧೭ ಆಸ್ಪತ್ರೆಗಳಲ್ಲಿ, ಹೃದಯಾಘಾತವಾಗಿದೆಯೆಂಬ ಗುಮಾನಿಯಿಂದ ದಾಖಲಾದ ೧೭,೧೮೭ ರೋಗಿಗಳು. ಚೀಟಿ ಎತ್ತಿದಂತೆ ಅರ್ಧ ಜನಕ್ಕೆ ಒಂದು ತಿಂಗಳು ಆಸ್ಪಿರಿನ್, ಉಳಿದರ್ಧಕ್ಕೆ ನೋಡಲು ಅದರಂತೆಯೇ ಇದ್ದು ಒಳಗೆ ಔಷಧವಿಲ್ಲದ ಗುಳಿಗೆ. ಯಾರಿಗೆ ಯಾವುದೆಂಬುದು ನುಂಗುವವನಿಗೂ ತಿಳಿಯದು, ಕೊಡುವವನಿಗೂ ತಿಳಿಯದು.

ಈ ಔಷಧವಿಲ್ಲದ ಗುಳಿಗೆಗೆ ಕನ್ನಡದಲ್ಲಿ ಏನೆನ್ನುವುದೆಂದು ಮುಕ್ಕಾಲು ಗಂಟೆ ಹೋಯಿತು. ಅದಕ್ಕೂ ಮೊದಲು ಗುಳಿಗೆಯೋ ಮಾತ್ರೆಯೋ ಎಂಬ ವ್ಯಾಜ್ಯ ತೀರಬೇಕಾಯಿತು. ಮೈಸೂರಿನವರು ಮಾತ್ರೆಯನ್ನು ಬಿಡರು, ಧಾರವಾಡದವರು ಗುಳಿಗೆಯನ್ನು ಬಿಡರು. ಮಾಸ್ತರರ ಗಂಟಲು ದೊಡ್ಡದಾದುದರಿಂದ ಗುಳಿಗೆ ಗೆದ್ದಿತು. ಬಳಿಕ ಸೋಗಿನ ಗುಳಿಗೆ, ಬರಿಗುಳಿಗೆ, ಹುಸಿಗುಳಿಗೆ ಎಂದು ಮೂರು ಸೂಚನೆಗಳು ಬಂದು ಹುಸಿಗುಳಿಗೆಗೆ ಬಹುಮತ ದೊರೆಯಿತು. ವ್ಯರ್ಥ ಕಾಲಹರಣವೆಂದು ಕೆಲವರು ಗೊಣಗಿದರು. ನನಗೆ ಹಾಗೆ ತೋರದು. ಆ ಮುಕ್ಕಾಲು ಗಂಟೆಯ ನಂತರ ಹುಸಿಗುಳಿಗೆ ಏಕೆ ಬೇಕೆಂಬುದನ್ನು ಯಾರಿಗೂ ಮತ್ತೆ ವಿವರಿಸಬೇಕಾಗಲಿಲ್ಲ.

ಫಲಿತಾಂಶ ಸ್ಪಷ್ಟವಾಗಿತ್ತು. ಐದು ವಾರದೊಳಗೆ ಹೃದಯ ಮತ್ತು ರಕ್ತನಾಳದ ಕಾರಣದಿಂದ ಸತ್ತವರು ಹುಸಿಗುಳಿಗೆಯವರಲ್ಲಿ ಶೇಕಡಾ ೧೧.೮, ಆಸ್ಪಿರಿನ್ನಿನವರಲ್ಲಿ ಶೇಕಡಾ ೯.೪. ಸಾವಿರ ರೋಗಿಗಳಿಗೆ ೨೪ ಜೀವ ಉಳಿಯಿತು. ಈ ಬೆಲೆಯ ಔಷಧಕ್ಕೆ ಇದು ಅದ್ಭುತವೇ ಸರಿ. ಹೃದಯಾಘಾತವಾದವರಿಗೆ ವೈದ್ಯರು ಆಸ್ಪಿರಿನ್ ಕೊಡುವ ಪದ್ಧತಿಗೆ ಭದ್ರವಾದ ಆಧಾರವೊಂದು ಸಿಕ್ಕಿದ್ದು ಇಲ್ಲಿಂದ. ರಾಯರು ಈ ಕೋಷ್ಟಕವನ್ನು ಎರಡು ಸಲ ಓದಿಸಿಕೊಂಡರು.

ಅದೇ ಪ್ರಬಂಧದಲ್ಲಿ ಇನ್ನೊಂದು ಸ್ವಾರಸ್ಯವಿದೆ. ರೋಗಿಗಳನ್ನು ಸಣ್ಣ ಸಣ್ಣ ಗುಂಪು ಮಾಡಿ ಯಾರಿಗೆ ಹೆಚ್ಚು ಗುಣ, ಯಾರಿಗೆ ಕಡಿಮೆ ಎಂದು ಹುಡುಕುತ್ತ ಹೋದರೆ ಆಕಸ್ಮಿಕವೂ ಸತ್ಯದಂತೆ ಕಾಣುವುದುಂಟು. ಇದನ್ನು ತೋರಿಸಲೆಂದೇ ಸಂಶೋಧಕರು ರೋಗಿಗಳನ್ನು ಜನ್ಮರಾಶಿಯ ಪ್ರಕಾರ ವಿಂಗಡಿಸಿದರು! ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ನಿನಿಂದ ತುಸು ಕೆಡುಕೇ ಆದಂತೆಯೂ, ಉಳಿದ ಹತ್ತು ರಾಶಿಯವರಿಗೆ ಬಹಳ ಒಳಿತಾದಂತೆಯೂ ಲೆಕ್ಕ ಬಂತು. ಅವರು ತಮಾಷೆಗೆ, ಎಚ್ಚರಿಕೆಗಾಗಿ ಬರೆದದ್ದು. ನಮ್ಮಲ್ಲಿ ಒಬ್ಬರು ತಮ್ಮದು ತುಲಾ ರಾಶಿಯೆಂದು ಗಾಬರಿಗೊಂಡರು. ಅವರದು ಸೂರ್ಯನ ಲೆಕ್ಕ, ನಮ್ಮದು ಚಂದ್ರನ ಲೆಕ್ಕ, ನಿಮಗೆ ತಗಲದು ಎಂದು ಮಾಸ್ತರರು ಅಭಯವಿತ್ತರು. ಹುಡುಗಿ ಹಣೆ ಚಚ್ಚಿಕೊಂಡಳು.

ಐಸಿಸ್-೨ ಕಾಯಿಲೆ ಬಿದ್ದವರ ಮಾತು. ಅಮ್ಮನವರಂತೆ ಬೀಳದವರ ಮಾತು ೧೯೮೯ರ ಪ್ರಬಂಧವೊಂದರಲ್ಲಿದೆ. ಅಮೆರಿಕದ ೨೨,೦೭೧ ವೈದ್ಯರು ತಾವೇ ಪ್ರಯೋಗಕ್ಕೆ ಒಳಗಾಗಿ ದಿನ ಬಿಟ್ಟು ದಿನ ಆಸ್ಪಿರಿನ್ನನ್ನೋ ಹುಸಿಗುಳಿಗೆಯನ್ನೋ ಸುಮಾರು ಐದು ವರ್ಷ ನುಂಗಿದರು. ಹೃದಯಾಘಾತ ಶೇಕಡಾ ೪೪ರಷ್ಟು ಕಡಿಮೆಯಾಯಿತು. ನೆರೆಹೊರೆಯವರೆಲ್ಲ ಗುಳಿಗೆ ನುಂಗತೊಡಗುವುದಕ್ಕೆ ಇಂಥದೊಂದು ಅಂಕಿ ಸಾಲದೆ?

ಇಲ್ಲಿ ನಮ್ಮ ಬ್ಯಾಂಕಿನವರು ಕನ್ನಡಕ ಒರೆಸಿಕೊಂಡರು. "ಬಡ್ಡಿ ಶೇಕಡಾ ಎಷ್ಟೆಂದು ಕೇಳಿದಿರಿ. ಅಸಲು ಎಷ್ಟೆಂದು ಕೇಳಿದಿರಾ?" ಎಂದರು. ಕೋಷ್ಟಕದಲ್ಲಿ ಅಸಲು ಇತ್ತು. ಹುಸಿಗುಳಿಗೆಯವರಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೆ ಸುಮಾರು ೪೪೦ ಹೃದಯಾಘಾತ, ಆಸ್ಪಿರಿನ್ನಿನವರಲ್ಲಿ ೨೫೫. ವ್ಯತ್ಯಾಸ ೧೮೫, ಎಂದರೆ ಸಾವಿರ ಜನ ಒಂದು ವರ್ಷ ನುಂಗಿದರೆ ಲಾಭ ಇಬ್ಬರಿಗೂ ಪೂರ್ತಿ ಇಲ್ಲ. ಶೇಕಡಾ ೪೪ ಎಂಬುದೂ ನಿಜ, ಸಾವಿರಕ್ಕೆ ಎರಡಕ್ಕಿಂತ ಕಡಿಮೆ ಎಂಬುದೂ ನಿಜ. ಹೃದಯ, ರಕ್ತನಾಳದ ಕಾಯಿಲೆಗಳಿಂದಾದ ಒಟ್ಟು ಸಾವುಗಳೇನೂ ಕಡಿಮೆಯಾಗಿರಲಿಲ್ಲ. ಮೊದಲನೆಯ ಅಂಕಿ ಪತ್ರಿಕೆಯ ತಲೆಬರಹಕ್ಕೆ ಹೋಗುತ್ತದೆ, ಎರಡನೆಯದು ಕೋಷ್ಟಕದಲ್ಲಿಯೇ ಕುಳಿತಿರುತ್ತದೆ.

"ಎಲ್ಲ ಗಂಡಸರೇ ಅಲ್ಲವೆ?" ಎಂದರು ಅಮ್ಮನವರು, ಪಟ್ಟಿಯನ್ನು ನೋಡುತ್ತ. ಹೌದು, ಆ ಇಪ್ಪತ್ತೆರಡು ಸಾವಿರ ವೈದ್ಯರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ೨೦೦೫ರಲ್ಲಿ ೩೯,೮೭೬ ಮಹಿಳೆಯರ ಮೇಲೆ ನಡೆದ ಇನ್ನೊಂದು ದೊಡ್ಡ ಪ್ರಯೋಗದ ಫಲ ಪ್ರಕಟವಾಯಿತು. ಅಲ್ಲಿ ಒಟ್ಟಾರೆ ಹೃದಯಾಘಾತ ಕಡಿಮೆಯಾಗಲಿಲ್ಲ. ಪಾರ್ಶ್ವವಾಯು ಮಾತ್ರ ಸ್ವಲ್ಪ ಕಡಿಮೆಯಾಯಿತು. ಗಂಡನ ಗುಳಿಗೆ ಹೆಂಡತಿಗೂ ಅದೇ ಕೆಲಸ ಮಾಡೀತೆಂದು ಭಾವಿಸುವುದಕ್ಕೆ ಆಧಾರ ತೆಳುವಾಗುತ್ತ ಬಂತು.

ನಾಲ್ಕನೆಯ ಭಾನುವಾರ ಮರಳಿ ಆಸ್ಪ್ರೀಗೆ ಬಂದೆವು. ಈ ಸಲ ಪೂರ್ತಿ ಓದಿದೆವು. ಆಸ್ಟ್ರೇಲಿಯಾ ಮತ್ತು ಅಮೆರಿಕಗಳ ೧೯,೧೧೪ ಜನ. ಬಹುಮಟ್ಟಿಗೆ ಎಲ್ಲರೂ ಎಪ್ಪತ್ತು ದಾಟಿದವರು, ಮನೆಯಲ್ಲಿ ಸ್ವತಂತ್ರವಾಗಿ ಓಡಾಡಿಕೊಂಡಿದ್ದವರು. ದಿನಕ್ಕೆ ೧೦೦ ಮಿಲಿಗ್ರಾಂ ಆಸ್ಪಿರಿನ್ ಅಥವಾ ಹುಸಿಗುಳಿಗೆ, ಸುಮಾರು ನಾಲ್ಕೂ ಮುಕ್ಕಾಲು ವರ್ಷ. ಅವರು ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು. ಎಷ್ಟು ಜನ ಉಳಿದರು ಎಂದಷ್ಟೇ ಕೇಳದೆ, ಮರೆವಿನ ರೋಗವಿಲ್ಲದೆ, ಕೈಕಾಲು ಸೋಲದೆ ಎಷ್ಟು ಜನ ಉಳಿದರು ಎಂದು ಕೇಳಿದರು. ವಯಸ್ಸಾದವರಿಗೆ ಬೇಕಾದದ್ದೂ ಅದೇ ತಾನೆ?

ಉತ್ತರ: ಎರಡೂ ಕಡೆ ಒಂದೇ. ಸಾವು, ಮರೆವಿನ ರೋಗ, ಅಂಗಸೋಲು ಈ ಮೂರರಲ್ಲಿ ಯಾವುದಾದರೊಂದು ಸಂಭವಿಸಿದ್ದು ವರ್ಷಕ್ಕೆ ಸಾವಿರಕ್ಕೆ ೨೧.೫ ಜನಕ್ಕೆ ಆಸ್ಪಿರಿನ್ನಿನಲ್ಲಿ, ೨೧.೨ ಜನಕ್ಕೆ ಹುಸಿಗುಳಿಗೆಯಲ್ಲಿ. ಹೃದಯ, ರಕ್ತನಾಳದ ಕಾಯಿಲೆಗಳಲ್ಲಿಯೂ ಗಣಿಸಬೇಕಾದ ಅಂತರವಿಲ್ಲ, ೧೦.೭ ಮತ್ತು ೧೧.೩. ಆದರೆ ಗಂಭೀರವಾದ ರಕ್ತಸ್ರಾವ ಹುಸಿಗುಳಿಗೆಯವರಲ್ಲಿ ಸಾವಿರಕ್ಕೆ ೬.೨ ಇದ್ದದ್ದು ಆಸ್ಪಿರಿನ್ನಿನವರಲ್ಲಿ ೮.೬ಕ್ಕೆ ಏರಿತ್ತು. ಒಟ್ಟು ಸಾವುಗಳೂ ಆಸ್ಪಿರಿನ್ನಿನ ಕಡೆ ತುಸು ಹೆಚ್ಚು ಕಂಡವು, ಬಹುಪಾಲು ಕ್ಯಾನ್ಸರಿನಿಂದ. ಹಿಂದಿನ ಪ್ರಯೋಗಗಳಲ್ಲಿ ಹೀಗೆ ಕಂಡಿರಲಿಲ್ಲವಾದ್ದರಿಂದ ಇದನ್ನು ಎಚ್ಚರಿಕೆಯಿಂದ ನೋಡಬೇಕೆಂದು ಬರೆದವರೇ ಹೇಳಿದ್ದಾರೆ. ಪತ್ರಿಕೆಯ ತುಣುಕಿನಲ್ಲಿ ಆ ಎಚ್ಚರಿಕೆ ಇರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಒಂದೇ ಗುಳಿಗೆ ಒಬ್ಬರನ್ನು ಕಾಯುತ್ತದೆ, ಇನ್ನೊಬ್ಬರಲ್ಲಿ ರಕ್ತ ಸೋರಿಸುತ್ತದೆ. ಹೇಗೆ ಎಂದು ಒಬ್ಬರು ಕೇಳಿದರು. ಸಿಸ್ಟರ್ ವಿವರಿಸಿದರು. ಡೆಂಗ್ಯೂ ಜ್ವರದ ದೆಸೆಯಿಂದ ಈಗ ಮನೆಮನೆಗೂ ಗೊತ್ತಿರುವ ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಾಯವನ್ನು ಮುಚ್ಚುತ್ತವೆ. ಆಸ್ಪಿರಿನ್ ಅವುಗಳ ಅಂಟುವ ಗುಣವನ್ನು ಕುಗ್ಗಿಸುತ್ತದೆ. ಒಮ್ಮೆ ಕುಗ್ಗಿಸಿದರೆ ಆ ಕಣ ಸಾಯುವ ತನಕ, ಎಂದರೆ ಎಂಟು ಹತ್ತು ದಿನ, ಹಾಗೆಯೇ. ಸ್ಟೆಂಟ್ ಇದ್ದ ನಾಳದಲ್ಲಿ ಅಂಟದಿರುವುದು ಕ್ಷೇಮ. ಜಠರದಲ್ಲಿ ಸಣ್ಣ ಹುಣ್ಣಿದ್ದರೆ ಅಂಟದಿರುವುದೇ ಕುತ್ತು. ಕಣಕ್ಕೆ ಊರು ಕೇರಿ ತಿಳಿಯದು. ರಾಯರು ಬೆರಳು ಮಡಿಚಿ ಲೆಕ್ಕ ಹಾಕಿದರು: ಗುಳಿಗೆ ಬಿಟ್ಟ ನಾಲ್ಕು ದಿನದಲ್ಲಿ ಎಷ್ಟು ಹೊಸ ಕಣ ಹುಟ್ಟಿರಬಹುದೆಂದು. "ಅರ್ಧದ ಹತ್ತಿರ ಹತ್ತಿರ" ಎಂದು ಸಿಸ್ಟರ್ ನಿರ್ದಾಕ್ಷಿಣ್ಯವಾಗಿ ಹೇಳಿದರು.

ಅಮ್ಮನವರಿಗೆ ಈ ಪ್ರಬಂಧ ತಗಲುತ್ತದೆಯೆ? ವಯಸ್ಸು ಸರಿ, ಹೃದಯದ ಕಾಯಿಲೆ ಇಲ್ಲದಿರುವುದೂ ಸರಿ. ಆದರೆ ಅಲ್ಲಿದ್ದವರು ಹೆಚ್ಚಾಗಿ ಬಿಳಿಯರು. ನಮ್ಮ ದೇಶದವರಲ್ಲಿ ಹೃದ್ರೋಗ ಚಿಕ್ಕ ವಯಸ್ಸಿಗೇ ತಲೆಹಾಕುತ್ತದೆಂಬುದು ಗೊತ್ತಿರುವ ಸಂಗತಿ. ಇನ್ನೂ ಒಂದಿದೆ. ಅವರಲ್ಲಿ ಬಹುಮಂದಿ ಗುಳಿಗೆಯನ್ನು ಹೊಸದಾಗಿ ಆರಂಭಿಸಿದವರು. ಅಮ್ಮನವರು ವರ್ಷಗಟ್ಟಲೆ ತೆಗೆದುಕೊಂಡವರು. ಆರಂಭಿಸಬಾರದು ಎಂಬುದೂ ನಿಲ್ಲಿಸಬೇಕು ಎಂಬುದೂ ಒಂದೇ ಪ್ರಶ್ನೆಯಲ್ಲ. ೨೦೨೨ರಲ್ಲಿ ಅಮೆರಿಕದ ಸರ್ಕಾರ ನೇಮಿಸಿದ ತಜ್ಞರ ಮಂಡಲಿ, ಅರವತ್ತು ದಾಟಿದವರು ಮೊದಲ ಹೃದಯಾಘಾತವನ್ನು ತಡೆಯಲೆಂದು ಆಸ್ಪಿರಿನ್ ಆರಂಭಿಸಬಾರದೆಂದು ಸಲಹೆ ಮಾಡಿತು. ಅದೂ ಆರಂಭದ ಮಾತೇ. ಅಮ್ಮನವರಿಗೆ ಪ್ರಬಂಧ ಸಮೀಪಕ್ಕೆ ಬರುತ್ತದೆ, ಆದರೆ ಮನೆಯ ಹೊಸ್ತಿಲು ದಾಟದು. ಅಲ್ಲಿಂದಾಚೆಗೆ ಅವರ ಹೊಟ್ಟೆ, ಅವರ ರಕ್ತದೊತ್ತಡ, ಅವರು ತೆಗೆದುಕೊಳ್ಳುವ ಇತರ ಔಷಧ ಇವನ್ನೆಲ್ಲ ಬಲ್ಲ ವೈದ್ಯರೇ ಹೇಳಬೇಕು. ಕೂಟ ವೈದ್ಯ ಮಾಡತಕ್ಕದ್ದಲ್ಲ ಎಂಬುದು ನಮ್ಮ ಮೊದಲ ದಿನದ ಠರಾವು.

ಅವರು ದೊಡ್ಡದು ಮಾಡಿದ ಕೋಷ್ಟಕದ ಹಾಳೆಯನ್ನು ಮಡಿಚಿ ಚೀಲದಲ್ಲಿಟ್ಟುಕೊಂಡು ವೈದ್ಯರಲ್ಲಿಗೆ ಹೋದರು. ವೈದ್ಯರು ಹಾಳೆಯನ್ನು ನೋಡಿದರಂತೆ, ನಕ್ಕರಂತೆ, ಆಮೇಲೆ ನಗುವುದನ್ನು ಬಿಟ್ಟು ಅರ್ಧ ಗಂಟೆ ಪ್ರಶ್ನೆ ಕೇಳಿದರಂತೆ. ನೋವಿಗೆಂದು ಮೊಣಕಾಲಿಗೆ ಬೇರೊಂದು ಗುಳಿಗೆಯೂ ನಡೆಯುತ್ತಿದ್ದ ಸಂಗತಿ ಆಗ ಹೊರಬಿತ್ತು. ಎರಡೂ ಸೇರಿದರೆ ಜಠರಕ್ಕೆ ಹಾನಿ ಹೆಚ್ಚು. ಆಸ್ಪಿರಿನ್ ನಿಲ್ಲಿಸಲು ಹೇಳಿದರು. ನಿಲ್ಲಿಸಿದ್ದಾರೆ. "ಡಬ್ಬಿ ಮಾತ್ರ ಅಲ್ಲೇ ಇಟ್ಟಿದ್ದೇನೆ, ಬೆಳಿಗ್ಗೆ ಎದ್ದಕೂಡಲೆ ಕೈ ಅದರ ಕಡೆಗೇ ಹೋಗುತ್ತದೆ" ಎಂದರು. ಈಗ ಅದರಲ್ಲಿ ಲವಂಗ ತುಂಬಿದ್ದಾರೆ.

ಮುಂದಿನ ಮೂರು ತಿಂಗಳಿಗೆ ಉಪ್ಪಿನ ಪ್ರಬಂಧವನ್ನು ಆರಿಸಿದ್ದೇವೆ. ೨೦೨೧ರಲ್ಲಿ ಪ್ರಕಟವಾದದ್ದು, ಚೀನಾದ ೬೦೦ ಹಳ್ಳಿಗಳ ೨೦,೯೯೫ ಜನರಲ್ಲಿ, ಅರ್ಧ ಹಳ್ಳಿಗಳವರಿಗೆ ಅಡಿಗೆ ಉಪ್ಪಿನ ಕಾಲು ಭಾಗದ ಬದಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿ ಕೊಟ್ಟು, ಪಾರ್ಶ್ವವಾಯು ಕಡಿಮೆಯಾಯಿತೆ ಎಂದು ಪರೀಕ್ಷಿಸಿದ್ದಾರೆ. ಉಪ್ಪಿನಕಾಯಿಯ ಪಕ್ಷದವರು ಈಗಾಗಲೇ ಸಜ್ಜಾಗಿದ್ದಾರೆ. ಮೂತ್ರಪಿಂಡದ ತೊಂದರೆ ಇರುವವರನ್ನು ಆ ಪ್ರಯೋಗದಲ್ಲಿ ಏನು ಮಾಡಿದರೆಂಬುದನ್ನು ಹುಡುಕಿ ತರುವ ಕೆಲಸವನ್ನು ರಾಯರೇ ಕೇಳಿ ವಹಿಸಿಕೊಂಡಿದ್ದಾರೆ. ಬರುವವರು ಕನ್ನಡಕ ಮರೆಯದೆ ತರಬೇಕು. ಕೋಷ್ಟಕದ ಅಕ್ಷರಗಳು ಈ ಸಲ ಇನ್ನೂ ಸಣ್ಣವು.